ಮಣ್ಣಿನ ಎತ್ತು ಹುಲ್ಲು ತಿನ್ನತ್ತಾ? ಪುಟ್ಟ ಮಕ್ಕಳಿಗೆ ಆಚರಣೆ, ಕಥೆ, ನಂಬಿಕೆ ತಿಳಿಸುವ ಬಗೆ

ಬೆಂಗಳೂರಿನಲ್ಲಿರುವ ತಂಗಿ ಜೂನ್ ಕೊನೆಯ ವಾರ ಫೋನ್ ಮಾಡಿದಳು. ಮಗಳು ಯುಕೆಜಿ. ಶಾಲೆಯ ವಾಟ್ಸ್‌ಆ್ಯಪ್ ಗುಂಪಿಗೆ ಸೂಚನೆ ಬಂದಿತ್ತು: ಮುಂದಿನ ಶನಿವಾರ ಸಂಸ್ಕೃತಿ ದಿನ. ಮಕ್ಕಳು ತಮ್ಮ ಸಮುದಾಯದ ಉಡುಪು ಹಾಕಿಕೊಂಡು ಬರಬೇಕು, ಮನೆಯಿಂದ ಒಂದು ವಸ್ತು ತರಬೇಕು, ಅದರ ಬಗ್ಗೆ ಎರಡು ವಾಕ್ಯ ಹೇಳಬೇಕು. “ಅವ್ವನ ಹಳೇ ಇಳಕಲ್ ಸೀರಿ ಕತ್ತರಿಸಿ ಲಂಗ ಹೊಲಿಸ್ತೀನಿ, ಅದೇನ್ ದೊಡ್ಡದಲ್ಲ. ಆ ಎರಡ್ ವಾಕ್ಯ ಏನ್ ಹೇಳಿಸ್ಲೋ ಅಣ್ಣಾ? ಐದು ವರ್ಷದ ಕೂಸಿಗೆ ಸಂಸ್ಕೃತಿ ಅಂದ್ರ ಏನಂತ ತಿಳಿಸೂದು?”

ಇದು ಅವಳೊಬ್ಬಳ ಪೇಚಾಟವಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8 ವರ್ಷದವರೆಗಿನ ಕಾಲವನ್ನು ಬುನಾದಿ ಹಂತ ಎಂದು ಕರೆದು ಶಿಕ್ಷಣದ ಲೆಕ್ಕಕ್ಕೆ ಸೇರಿಸಿತು. ಆ ಹಂತದ ಪಠ್ಯಕ್ರಮದ ಚೌಕಟ್ಟು 2022ರ ಅಕ್ಟೋಬರ್‌ನಲ್ಲಿ ಬಂತು. ಆಟ, ಹಾಡು, ಊರಿನ ಕಥೆ, ಸ್ಥಳೀಯ ಆಟಿಕೆಗಳ ಮೂಲಕ ಕಲಿಸಬೇಕು ಎನ್ನುವುದು ಅದರ ಒತ್ತು. ಅಲ್ಲಿಯವರೆಗೆ ಅಜ್ಜಿಯ ಖಾತೆಯಲ್ಲಿದ್ದ ಹಬ್ಬ, ಹಾಡು, ಕಥೆಗಳು ಈಗ ಹೋಮ್‌ವರ್ಕ್ ಆಗಿ ಮನೆಗೆ ವಾಪಸ್ ಬರುತ್ತಿವೆ. ತಂದೆತಾಯಿಗೆ ಹಬ್ಬ ಮಾಡಿ ಗೊತ್ತು, ಬಿಡಿಸಿ ಹೇಳಿ ಗೊತ್ತಿಲ್ಲ.

ಮಾಡುವುದು, ಹೇಳುವುದು, ನಂಬುವುದು

ಮೊದಲು ಪದಗಳನ್ನು ಬಿಡಿಸೋಣ. ‘ಸಮುದಾಯ’ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರ ಕಿವಿಗೆ ‘ಜಾತಿ’ ಎಂದೇ ಕೇಳುತ್ತದೆ. ಆದರೆ ಒಂದೇ ಮಗು ಒಂದೇ ಹೊತ್ತಿಗೆ ಹಲವು ಸಮುದಾಯಗಳಿಗೆ ಸೇರಿರುತ್ತದೆ. ಒಂದು ಭಾಷೆ ಆಡುವವರದು ಒಂದು ಸಮುದಾಯ, ಒಂದು ಕಸುಬಿನವರದು ಇನ್ನೊಂದು, ಒಂದು ಓಣಿಯವರದು ಮತ್ತೊಂದು. ಧರ್ಮ, ಜಾತಿ ಅವುಗಳ ಜೊತೆಗೆ ಬರುತ್ತವೆ.

ಇನ್ನು ‘ಸಂಸ್ಕೃತಿ’ ಎಂಬ ದೊಡ್ಡ ಮೂಟೆಯೊಳಗೆ ಮೂರು ಬೇರೆ ಬೇರೆ ಸಾಮಾನು ಇವೆ. ಒಂದು, ನಾವು ಮಾಡುವುದು: ಆಚರಣೆ. ಎರಡು, ಅದರ ಬಗ್ಗೆ ಹೇಳಿಕೊಳ್ಳುವುದು: ಕಥೆ. ಮೂರು, ಮನಸ್ಸಿನಲ್ಲಿ ನಿಜವೆಂದು ಇಟ್ಟುಕೊಂಡಿರುವುದು: ನಂಬಿಕೆ. ಮಣ್ಣೆತ್ತಿನ ಅಮಾವಾಸ್ಯೆಯನ್ನೇ ತೆಗೆದುಕೊಳ್ಳಿ. ಉತ್ತರ ಕರ್ನಾಟಕದಲ್ಲಿ ಜ್ಯೇಷ್ಠ ಮಾಸದ ಅಮಾವಾಸ್ಯೆಗೆ, ಅಂದರೆ ಜೂನ್–ಜುಲೈ ಹೊತ್ತಿಗೆ, ಮಣ್ಣಿನಲ್ಲಿ ಜೋಡಿ ಎತ್ತು ಮಾಡಿ ದೇವರ ಜಗಲಿಯ ಮೇಲಿಟ್ಟು ಪೂಜಿಸುತ್ತಾರೆ. ಅದು ಆಚರಣೆ. ಶಿವನ ನಂದಿಯೇ ಎತ್ತಾಗಿ ರೈತನ ಮನೆಗೆ ಬಂದನಂತೆ ಎಂದು ಅಜ್ಜಿ ಹೇಳುವುದು ಕಥೆ. ಪೂಜೆ ಮಾಡಿದರೆ ಮಳೆಬೆಳೆ ಚೆನ್ನಾಗಿ ಆಗುತ್ತದೆ ಎನ್ನುವುದು ನಂಬಿಕೆ.

ಹೋಳಿಗೆ ನೆನಪಿಸಿಕೊಂಡರೆ ಸುಲಭ. ಕಣಕ ಹೊರಗೆ ಕಾಣುತ್ತದೆ, ಹೂರಣ ಮುರಿದಾಗ ಸಿಗುತ್ತದೆ, ರುಚಿ ತಿಂದವರ ನಾಲಿಗೆಯಲ್ಲಿರುತ್ತದೆ. ಆಚರಣೆ ಕಣಕ, ಕಥೆ ಹೂರಣ, ನಂಬಿಕೆ ರುಚಿ. ಪಕ್ಕದಲ್ಲಿ ಕೂತವರಿಗೂ ಅದೇ ರುಚಿ ಹತ್ತಬೇಕೆಂಬ ನಿಯಮವಿಲ್ಲ. ದೊಡ್ಡವರು ಸಾಮಾನ್ಯವಾಗಿ ಈ ಮೂರನ್ನೂ ಒಂದೇ ತುತ್ತು ಮಾಡಿ ಮಗುವಿನ ಬಾಯಿಗಿಡುತ್ತಾರೆ. ಮಗು ಪ್ರಶ್ನೆ ಕೇಳಿದಾಗ ಉತ್ತರ ತಪ್ಪಿಹೋಗುವುದು ಅಲ್ಲಿಯೇ.

ಕಲಿಸದೆ ಕಲಿಸುವ ಊರು

ನವಲಗುಂದದ ಕಡೆಯ ನಮ್ಮೂರಲ್ಲಿ ಈ ಹಬ್ಬವನ್ನು ನಮಗೆ ಯಾರೂ ‘ಕಲಿಸಲಿಲ್ಲ’. ಕಾರಹುಣ್ಣಿಮೆಗೆ ನಿಜವಾದ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಓಡಿಸಿ ಕರಿ ಹರಿಯುವುದನ್ನು, ಅಂದರೆ ದಾರಿಗೆ ಅಡ್ಡ ಕಟ್ಟಿದ ಹಗ್ಗವನ್ನು ಅವು ಹರಿಯುವುದನ್ನು, ನೋಡಿರುತ್ತಿದ್ದೆವು. ಅದಾಗಿ 15 ದಿನಕ್ಕೆ ಮಣ್ಣೆತ್ತು. ಹಿಂದಿನ ದಿನ ಹಳ್ಳದ ದಂಡೆಯಿಂದ ಎರೆಮಣ್ಣು ತಂದು, ಕಲ್ಲು ಕಸ ಆರಿಸಿ, ನೀರು ಚಿಮುಕಿಸಿ ನಾದುವುದು. ಮೂರು ವರ್ಷದವನಿಗೆ ಒಂದು ಉಂಡೆ ಮಣ್ಣು ಕೊಟ್ಟು ಕೂರಿಸುತ್ತಿದ್ದರು. ಐದು ವರ್ಷದವಳು ಕಣ್ಣಿನ ಜಾಗಕ್ಕೆ ಜೋಳದ ಕಾಳು ಒತ್ತುತ್ತಿದ್ದಳು. ಎಂಟು ವರ್ಷದವನಿಗೆ ಕೊಂಬು, ಡುಬ್ಬ ಮಾಡುವ ಬಡ್ತಿ. ಹತ್ತು ದಾಟಿದವರು ಎತ್ತಿನ ಮುಂದೆ ಮೇವಿನ ಗೋದಲಿ ಕಟ್ಟುತ್ತಿದ್ದರು. ಅಷ್ಟೂ ಹೊತ್ತಿನಲ್ಲಿ ಅವ್ವ ಮಾಡುತ್ತಿದ್ದ ಉಪದೇಶ ಒಂದೇ: “ಕ್ವಾಡು ಭಾಳ ಉದ್ದ ಮಾಡಬ್ಯಾಡ್ರಿ, ಒಣಗಿದ ಮ್ಯಾಲ ಮುರೀತಾವು.” ಕೆಲವು ಊರುಗಳಲ್ಲಿ ಮಾರನೆಯ ದಿನ ಹುಡುಗರು ಒಂದು ಎತ್ತಿನ ಕಾಲು ಮುರಿದು, ಕುಂಟೆತ್ತು ಬಂದಿದೆ ಜೋಳ ನೀಡಿ ಎಂದು ಕೂಗುತ್ತ ಮನೆಮನೆಗೆ ಹೋಗುವುದೂ ಉಂಟು. ಸಿಕ್ಕ ಜೋಳ ಮಾರಿ ಚುರುಮುರಿಯೋ ಬೆಲ್ಲವೋ ತಿಂದರೆ ಹಬ್ಬ ಮುಗಿಯಿತು.

ಆ ಭಾಗದಲ್ಲಿ ಮಣ್ಣಿಗೆ ವರ್ಷಕ್ಕೆ ಐದು ಪೂಜೆ ಎನ್ನುತ್ತಾರೆ: ಜ್ಯೇಷ್ಠದಲ್ಲಿ ಎತ್ತು, ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದಲ್ಲಿ ಗಣಪ, ಅವನ ಬೆನ್ನಿಗೇ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂತು ಬರುವ ಜೋಕುಮಾರ. ಮುಂಗಾರು ಕಾಲಿಡುವ ಹೊತ್ತಿನಿಂದ ಬೆಳೆ ಎದ್ದು ನಿಲ್ಲುವವರೆಗೆ ಮಗುವಿನ ಕೈ ಮಣ್ಣಿನಲ್ಲೇ ಇರುತ್ತದೆ. ಕೃಷಿಯ ಕ್ಯಾಲೆಂಡರನ್ನು ಯಾರೂ ಬಾಯಿಪಾಠ ಮಾಡಿಸುವುದಿಲ್ಲ, ಕೈಗೆ ಗೊತ್ತಾಗಿರುತ್ತದೆ.

ಹೀಗೆ ಕಲಿಯುವ ಬಗೆಯನ್ನು ಅಮೆರಿಕದ ಮನೋವಿಜ್ಞಾನಿ ಬಾರ್ಬರಾ ರೋಗಾಫ್ ಗ್ವಾಟೆಮಾಲಾ ದೇಶದ ಮಾಯಾ ಸಮುದಾಯದ ನಡುವೆ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಅಲ್ಲಿ ಮಕ್ಕಳನ್ನು ದೊಡ್ಡವರ ಕೆಲಸದಿಂದ ದೂರ ಕೂರಿಸಿ ಪಾಠ ಹೇಳುವುದಿಲ್ಲ. ಮಕ್ಕಳು ಪಕ್ಕದಲ್ಲೇ ಇರುತ್ತಾರೆ, ನೋಡುತ್ತಾರೆ, ಕೈಲಾದಷ್ಟು ಕೈ ಹಾಕುತ್ತಾರೆ. ನೋಡುತ್ತ ಕೈಜೋಡಿಸುತ್ತ ಕಲಿಯುವುದು ಎಂದು ಇದನ್ನು ಕರೆಯಬಹುದು. ಗ್ವಾಟೆಮಾಲಾಕ್ಕೆ ಹೋಗಬೇಕಿಲ್ಲ, ಮಂಗಳೂರಿಗೆ ಹೋದರೂ ಸಾಕು. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ ಮುಂಚಿನ ದಿನಗಳಲ್ಲಿ ಕ್ಯಾಥೊಲಿಕ್ ಮನೆಗಳ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಚರ್ಚಿನಿಂದ ಬಂದ ಹೊಸ ತೆನೆಯ ಕಾಳನ್ನು ಮನೆಮಂದಿಯೆಲ್ಲ ಹಂಚಿಕೊಂಡು ತಿನ್ನುತ್ತಾರೆ. ಆ ಮಗುವಿಗೆ ಮೊದಲು ಗೊತ್ತಾಗುವುದು ಹೂವು ಮತ್ತು ಹೊಸ ಅಕ್ಕಿ. ದೇವತಾಶಾಸ್ತ್ರ ಎಷ್ಟೋ ವರ್ಷ ಆದ ಮೇಲೆ.

ಬೇಡದ್ದನ್ನೂ ನಕಲು ಮಾಡುವ ಜಾಣತನ

ಮಕ್ಕಳು ಆಚರಣೆಗಳನ್ನು ಇಷ್ಟು ಸಲೀಸಾಗಿ ಹಿಡಿಯುವುದು ಹೇಗೆ? ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದಕ್ಕೆ ಬೆಳಕು ಹಿಡಿಯುತ್ತದೆ. ಒಂದು ಪೆಟ್ಟಿಗೆಯೊಳಗೆ ತಿಂಡಿ. ತೋರಿಸುವವರು ಮೊದಲು ಮೇಲಿನ ತೂತಿನಲ್ಲಿ ಕೋಲು ಆಡಿಸುತ್ತಾರೆ, ಆಮೇಲೆ ಮುಂದಿನ ಬಾಗಿಲಿನಿಂದ ತಿಂಡಿ ತೆಗೆಯುತ್ತಾರೆ. ಪೆಟ್ಟಿಗೆ ಪಾರದರ್ಶಕವಾಗಿದ್ದಾಗ ಮೇಲಿನ ತೂತಿಗೂ ತಿಂಡಿಗೂ ಸಂಬಂಧವೇ ಇಲ್ಲ ಎನ್ನುವುದು ಕಣ್ಣಿಗೇ ಕಾಣುತ್ತದೆ. ಚಿಂಪಾಂಜಿಗಳು ಆ ಬೇಡದ ಕೆಲಸ ಬಿಟ್ಟು ನೇರ ಬಾಗಿಲಿಗೆ ಕೈ ಹಾಕಿದವು. 3–4 ವರ್ಷದ ಮಕ್ಕಳು? ಕೋಲು ಆಡಿಸುವುದನ್ನೂ ಬಿಡದೆ ಎಲ್ಲವನ್ನೂ ಹಾಗೆಯೇ ಮಾಡಿದರು.

ಮೇಲುನೋಟಕ್ಕೆ ಚಿಂಪಾಂಜಿಯೇ ಜಾಣ. ಆದರೆ ಮನುಷ್ಯರ ಎಷ್ಟೋ ಕೆಲಸಗಳಿಗೆ ಕಾರಣ ಕಣ್ಣಿಗೆ ಕಾಣುವುದಿಲ್ಲ. ಹೆಪ್ಪು ಹಾಕುವಾಗ ಹಾಲು ಉಗುರುಬೆಚ್ಚಗೆ ಯಾಕಿರಬೇಕು ಎಂದು ತಿಳಿಯದೆಯೂ ತಲೆಮಾರುಗಟ್ಟಲೆ ಮೊಸರು ಮಾಡಿಲ್ಲವೇ? ದೊಡ್ಡವರು ಮಾಡಿದರೆ ಏನೋ ಕಾರಣವಿದ್ದೀತು ಎಂದು ಪೂರ್ತಿ ನಕಲು ಮಾಡುವ ಈ ಗುಣದಿಂದಲೇ ಅಡುಗೆಯೂ ಉಳಿಯಿತು, ಆರತಿ ಎತ್ತುವ ಕ್ರಮವೂ ಉಳಿಯಿತು. ಎತ್ತಿಗೆ ಅರಿಶಿನ ಮೊದಲೋ ಕುಂಕುಮ ಮೊದಲೋ ಎಂದು ನಾಲ್ಕು ವರ್ಷದ ಮಗು ಅಜ್ಜಿಯನ್ನೇ ತಿದ್ದುವುದು ಇದಕ್ಕೇ.

ಇದಕ್ಕೊಂದು ಅಡ್ಡ ಪರಿಣಾಮವೂ ಇದೆ. ಮಗು ನಾವು ಕಲಿಸಬೇಕೆಂದದ್ದನ್ನು ಮಾತ್ರ ನಕಲು ಮಾಡುವುದಿಲ್ಲ. ಗಂಟೆ ಬಾರಿಸುತ್ತ ಮತ್ತೊಂದು ಕೈಯಲ್ಲಿ ಮೊಬೈಲ್ ನೋಡುವ ಅಪ್ಪ ಇದ್ದರೆ, ಮಗುವಿನ ಪೂಜೆಯಾಟದಲ್ಲಿ ಮೊಬೈಲೂ ಒಂದು ಪೂಜಾ ಸಾಮಗ್ರಿ. ನಮ್ಮ ಮನೆಯಲ್ಲೇ ಕಂಡದ್ದು, ಹೆಚ್ಚು ವಿವರಿಸುವುದಿಲ್ಲ.

ಯಾವ ವಯಸ್ಸಿಗೆ ಯಾವುದು ದಕ್ಕುತ್ತದೆ

ಮೂರು ವರ್ಷದೊಳಗೆ ಸಂಸ್ಕೃತಿ ಎಂದರೆ ಕೈ, ಬಾಯಿ, ಕಿವಿ. ಮಣ್ಣಿನ ತಂಪು, ಎಳ್ಳುಬೆಲ್ಲದ ರುಚಿ, ಜೋಗುಳದ ಧಾಟಿ. ವಿವರಣೆಗೆ ಅಲ್ಲಿ ಜಾಗವಿಲ್ಲ.

ನಾಲ್ಕೈದರ ಆಸುಪಾಸಿನಲ್ಲಿ ಒಂದು ದೊಡ್ಡ ಬದಲಾವಣೆ ಆಗುತ್ತದೆ. ಆಸ್ಟ್ರಿಯಾದ ಹೈಂಜ್ ವಿಮರ್ ಮತ್ತು ಯೋಸೆಫ್ ಪೆರ್ನರ್ 1983ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗ ಅದನ್ನು ಹಿಡಿದು ತೋರಿಸಿತು. ಅವರ ಕಥೆಯಲ್ಲಿ ಚಾಕೊಲೇಟ್ ಇತ್ತು, ನಮ್ಮ ಮನೆಗೆ ಬೆಲ್ಲ ಇರಲಿ. ಅಣ್ಣ ಬೆಲ್ಲವನ್ನು ಕೆಂಪು ಡಬ್ಬಿಯಲ್ಲಿಟ್ಟು ಆಟಕ್ಕೆ ಹೋಗುತ್ತಾನೆ. ಅವನಿಲ್ಲದಾಗ ಅಮ್ಮ ಅದನ್ನು ಹಸಿರು ಡಬ್ಬಿಗೆ ಹಾಕುತ್ತಾಳೆ. ಅಣ್ಣ ಬಂದು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದ ಮಗು ಸಾಮಾನ್ಯವಾಗಿ ‘ಹಸಿರು ಡಬ್ಬಿಯಲ್ಲಿ’ ಎನ್ನುತ್ತದೆ, ಯಾಕೆಂದರೆ ಬೆಲ್ಲ ಇರುವುದು ಅಲ್ಲಿ. ತನಗೆ ಗೊತ್ತಿರುವುದು ಅಣ್ಣನಿಗೆ ಗೊತ್ತಿಲ್ಲ ಎನ್ನುವುದು ಅದರ ತಲೆಗೆ ಬರುವುದಿಲ್ಲ. ಐದರ ಹೊತ್ತಿಗೆ ಹೆಚ್ಚಿನ ಮಕ್ಕಳು ‘ಕೆಂಪು ಡಬ್ಬಿ’ ಎನ್ನುತ್ತಾರೆ. ಅಂದರೆ ಒಬ್ಬೊಬ್ಬರ ತಲೆಯೊಳಗೆ ಒಂದೊಂದು ನಂಬಿಕೆ ಇರಬಹುದು, ಅದು ನನ್ನದಕ್ಕಿಂತ ಬೇರೆಯಾಗಿರಬಹುದು ಎಂದು ಹೊಳೆದಿರುತ್ತದೆ.

ನಮ್ಮ ವಿಷಯಕ್ಕೆ ಇದು ಬಹಳ ಮುಖ್ಯ. ‘ಪಕ್ಕದ ಮನೆಯವರು ರಂಜಾನ್ ತಿಂಗಳು ಉಪವಾಸ ಮಾಡ್ತಾರೆ, ನಾವು ಶಿವರಾತ್ರಿಗೆ ಮಾಡ್ತೀವಿ’ ಎಂಬ ಮಾತಿನ ಹೊರಮೈ ಮೂರು ವರ್ಷದ ಮಗುವಿಗೂ ಗೊತ್ತಾಗುತ್ತದೆ: ಅವರು ತಿನ್ನುತ್ತಿಲ್ಲ, ಅಷ್ಟೆ. ‘ಅವರ ನಂಬಿಕೆ ಬೇರೆ’ ಎಂಬ ಒಳಮೈ ದಕ್ಕುವುದು ನಾಲ್ಕೈದರ ನಂತರ. ‘ಯಾಕೆ ಬೇರೆ’ ಎಂಬ ಚರ್ಚೆಗೆ ಏಳೆಂಟಾದರೂ ಆಗಬೇಕು.

ಹಳೆಯ ಸಂಪ್ರದಾಯಗಳು ಪ್ರಯೋಗ ಮಾಡದೆಯೂ ಈ ಮೆಟ್ಟಿಲುಗಳ ಸಮೀಪಕ್ಕೆ ಬಂದಿದ್ದವು ಎನ್ನುವುದು ನನಗೆ ಕುತೂಹಲದ ಸಂಗತಿ. ನಮ್ಮ ಮುಸ್ಲಿಂ ಮನೆಗಳಲ್ಲಿ ಮಗುವಿಗೆ 4 ವರ್ಷ 4 ತಿಂಗಳು 4 ದಿನ ತುಂಬಿದಾಗ ಬಿಸ್ಮಿಲ್ಲಾ ಹೇಳಿಸಿ ಓದು ಆರಂಭಿಸುವ ಪದ್ಧತಿಯಿದೆ. ವಿಜಯದಶಮಿಯಂದು ತಟ್ಟೆಯ ಅಕ್ಕಿಯಲ್ಲಿ ಬೆರಳು ಹಿಡಿದು ಅಕ್ಷರ ತಿದ್ದಿಸುವುದೂ ಹೆಚ್ಚುಕಡಿಮೆ ಆ ವಯಸ್ಸಿಗೇ. ಕ್ಯಾಥೊಲಿಕ್ ಮಕ್ಕಳಿಗೆ ಮೊದಲ ಪರಮಪ್ರಸಾದ ಏಳರ ಸುಮಾರಿಗೆ ಆಗಲಿ ಎಂದು ಪೋಪ್ ಹತ್ತನೇ ಪಿಯುಸ್ 1910ರಲ್ಲಿ ಆದೇಶಿಸಿದರು. ತಿಳಿವಳಿಕೆ ಮೂಡುವ ವಯಸ್ಸು ಎನ್ನುವುದೇ ಅದಕ್ಕೆ ಕಾರಣ. ಉಪನಯನಕ್ಕೆ ಎಂಟನೆಯ ವರ್ಷ ಎನ್ನುವ ಹಳೆಯ ಲೆಕ್ಕವೂ ಅಲ್ಲಿಗೇ ಬಂದು ನಿಲ್ಲುತ್ತದೆ.

‘ನಿಜಾನಾ?’ ಎಂದಾಗ

ಸೊಸೆಯ, ಅಂದರೆ ತಂಗಿಯ ಮಗಳ, ಕಥೆಗೆ ಬರುತ್ತೇನೆ. ತಂಗಿ ಕೊನೆಗೆ ಮಣ್ಣೆತ್ತು ಮಾಡಿಸುವುದೆಂದು ತೀರ್ಮಾನಿಸಿದಳು. ಅವ್ವ ಊರಿನಿಂದ ಎರೆಮಣ್ಣನ್ನು ಹಳೇ ಹಾಲಿನ ಪುಡಿ ಡಬ್ಬಿಯಲ್ಲಿ ತುಂಬಿಕೊಂಡು ಬಸ್ಸು ಹತ್ತಿದಳು, ನಾನೂ ಜೊತೆಗೆ ಹೋದೆ. ಎತ್ತು ಆಯಿತು, ಗೋದಲಿಯಲ್ಲಿ ಹುಲ್ಲಿನ ಬದಲು ಕೊತ್ತಂಬರಿ ಕಡ್ಡಿ ಹಾಕಿದ್ದಾಯಿತು. ಸೊಸೆ ಕೇಳಿದಳು: “ಅಜ್ಜಿ, ಈ ಎತ್ತು ಹುಲ್ಲು ತಿನ್ನತ್ತಾ?”

ತಂಗಿ “ಇಲ್ಲ ಪುಟ್ಟಿ, ಅದು ಬರೀ ಮಣ್ಣು” ಅನ್ನುವಷ್ಟರಲ್ಲಿ ಅವ್ವ ಅಂದಳು: “ರಾತ್ರಿ ಎಲ್ಲಾರೂ ಮಲಗಿದ ಮ್ಯಾಲ ತಿಂತಾವಂತ. ನಮ್ಮವ್ವ ಹೇಳತಿದ್ಲು. ನಾ ಏನ್ ಎದ್ದು ನೋಡಿಲ್ಲವ್ವ.”

ಅವ್ವ ಶಾಲೆಗೆ ಹೋದವಳಲ್ಲ. ಆದರೆ ಆ ಉತ್ತರದಲ್ಲಿ ಒಂದು ಸೂಕ್ಷ್ಮವಿದೆ, ಅದು ಕನ್ನಡದ ಸೂಕ್ಷ್ಮ. ‘ತಿನ್ನುತ್ತವೆ’ ಬೇರೆ, ‘ತಿನ್ನುತ್ತವಂತೆ’ ಬೇರೆ. ‘ಅಂತೆ’ ಎನ್ನುವ ಎರಡಕ್ಷರ, ನಮ್ಮ ಕಡೆಯ ಬಾಯಲ್ಲಿ ‘ಅಂತ’, ಈ ಮಾತನ್ನು ನಾನು ಕಂಡಿಲ್ಲ, ಕೇಳಿದ್ದೇನೆ ಎಂದು ಹೇಳಿಬಿಡುತ್ತದೆ. ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ ಎಂದು ಕಥೆ ಶುರುವಾದ ಗಳಿಗೆಯಿಂದ ಕನ್ನಡದ ಮಗು ಕಥೆಯ ಹೊಸ್ತಿಲು ದಾಟಿರುತ್ತದೆ. ಅಲ್ಲಿ ಎತ್ತು ಮಾತಾಡಬಹುದು, ನರಿ ನ್ಯಾಯ ಹೇಳಬಹುದು. ‘ಅಂತೆ’ ಇಲ್ಲದ ವಾಕ್ಯ ಬಂದಾಗ ಮಗು ಮನೆಗೆ ವಾಪಸ್. ಕಥೆಯನ್ನೂ ಕಂಡ ಸಂಗತಿಯನ್ನೂ ಬೇರ್ಪಡಿಸುವ ಸಲಕರಣೆ ನಮ್ಮ ವ್ಯಾಕರಣದೊಳಗೇ ಇದೆ. ದೊಡ್ಡವರು ಅವಸರದಲ್ಲಿ ಅದನ್ನು ನುಂಗಿಬಿಡುತ್ತೇವೆ.

ಹಾಗಾಗಿ ಮೂರು ಬಗೆಯ ವಿಷಯಕ್ಕೆ ಮೂರು ಬಗೆಯ ವಾಕ್ಯ ಸಾಕು. ಆಚರಣೆಗೆ ‘ನಾವು ಹೀಗೆ ಮಾಡ್ತೀವಿ’. ಕಥೆಗೆ ‘ಹೀಗಿತ್ತಂತೆ’. ನಂಬಿಕೆಗೆ ‘ಅಜ್ಜಿ ಹೀಗೆ ನಂಬ್ತಾಳೆ, ನಾನೂ ನಂಬ್ತೀನಿ’ ಅಥವಾ ‘ನನಗೆ ಗೊತ್ತಿಲ್ಲ’. ಯಾರ ನಂಬಿಕೆ ಎಂದು ಹೆಸರು ಹಿಡಿದು ಹೇಳಿದರೆ ಸಾಕು, ಮಗುವಿಗೆ ಮುಂದೆ ಯೋಚಿಸಲು ಜಾಗ ಉಳಿಯುತ್ತದೆ.

ಎತ್ತು ಸುಲಭ, ನಾಗಪ್ಪ ಕಷ್ಟ. ಪಂಚಮಿಗೆ ಹುತ್ತಕ್ಕೆ, ಮಣ್ಣಿನ ನಾಗಪ್ಪನಿಗೆ ಹಾಲೆರೆಯುವಾಗ ಮಕ್ಕಳು ‘ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು’ ಎಂದು ಒಬ್ಬೊಬ್ಬರ ಹೆಸರಲ್ಲೂ ಎರೆಯುತ್ತಾರೆ. ಜೋಕಾಲಿ, ಅಳ್ಳು, ಶೇಂಗಾ ಉಂಡಿ, ತಂಬಿಟ್ಟು ಎಲ್ಲ ಇರುವ ಈ ಹಬ್ಬದ ನಡುವೆ ಒಂದನೇ ತರಗತಿಯ ಮಗು ಕೇಳುತ್ತದೆ: ‘ಹಾವು ಹಾಲು ಕುಡಿಯಲ್ಲ ಅಂತ ಮಿಸ್ ಹೇಳಿದ್ರು.’ ಮಿಸ್ ಹೇಳಿದ್ದು ಸರಿ. ಹಾವು ಸರೀಸೃಪ, ಹಾಲು ಅದರ ಆಹಾರವಲ್ಲ, ಕುಡಿಸಿದರೆ ಅದಕ್ಕೆ ಹಾನಿ. ಇದನ್ನು ಮರೆಮಾಚಿದರೆ ಮಗು ನಾಳೆ ಅಜ್ಜಿಯ ಉಳಿದ ಮಾತನ್ನೂ ನಂಬುವುದಿಲ್ಲ. ‘ಹೌದು, ಹಾವು ಹಾಲು ಕುಡಿಯಲ್ಲ. ನಾವು ಎರೆಯೋದು ಮಣ್ಣಿನ ನಾಗಪ್ಪನಿಗೆ, ಮನೆಯವರನ್ನೆಲ್ಲ ನೆನೆಸಿಕೊಳ್ಳೋಕೆ’ ಎಂದರೆ ಹಬ್ಬವೂ ಉಳಿಯಿತು, ಹಾವೂ ಉಳಿಯಿತು.

ಪ್ರಶ್ನೆ ಕೇಳಿದರೆ ಸಂಸ್ಕೃತಿಗೆ ಧಕ್ಕೆ ಎನ್ನುವವರು ಒಂದು ಸಂಗತಿ ಮರೆಯುತ್ತಾರೆ. ಕಲ್ಲನಾಗರಕ್ಕೆ ಹಾಲೆರೆಯುವವರು ದಿಟದ ನಾಗರ ಕಂಡರೆ ಕೊಲ್ಲು ಎನ್ನುತ್ತಾರಲ್ಲ ಎಂದು 12ನೇ ಶತಮಾನದಲ್ಲೇ ಬಸವಣ್ಣ ವಚನದಲ್ಲಿ ಕೇಳಿಯಾಗಿದೆ. ಅದೇ ದಿನವನ್ನು ಬಸವ ಪಂಚಮಿ ಎಂದು ಕರೆದು ಮಕ್ಕಳಿಗೆ ಹಾಲು ಹಂಚುವ ಪರಿಪಾಠವೂ ನಮ್ಮ ನಾಡಿನಲ್ಲಿದೆ. ಹಾಲೆರೆಯುವುದು ಎಷ್ಟು ನಮ್ಮದೋ, ಯಾಕೆ ಎರೆಯುತ್ತೀರಿ ಎಂಬ ಪ್ರಶ್ನೆಯೂ ಅಷ್ಟೇ ನಮ್ಮದು.

‘ದೇವರು ಕಣ್ಣು ಕೀಳ್ತಾನೆ’

ಅತಿ ಅಗ್ಗದ, ಅತಿ ಬೇಗ ಫಲ ಕೊಡುವ ವಿಧಾನ ಭಯ. ಅದು ಮಕ್ಕಳ ಮೇಲೆ ಅಷ್ಟು ಕೆಲಸ ಮಾಡುವುದಕ್ಕೂ ಕಾರಣವಿದೆ. ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ ಒಂದು ಕಥೆ ಹೇಳಿದ್ದರು: ಸೇಬು ಕದ್ದ ಹುಡುಗ ಓಡುವಾಗ ಕೊಳೆತ ಹಲಗೆಯ ಸೇತುವೆ ಮುರಿದು ನೀರಿಗೆ ಬೀಳುತ್ತಾನೆ. ಕದಿಯದಿದ್ದರೆ ಬೀಳುತ್ತಿದ್ದನೇ? ಆರೇಳು ವರ್ಷದವರಲ್ಲಿ ಹೆಚ್ಚಿನವರು ‘ಬೀಳುತ್ತಿರಲಿಲ್ಲ’ ಎಂದರು. ಹಲಗೆಗೂ ಕಳ್ಳತನ ಗೊತ್ತಾಗುತ್ತದೆ ಎನ್ನುವುದು ಆ ವಯಸ್ಸಿನ ಲೋಕನ್ಯಾಯ.

ಈ ಮನಸ್ಸಿಗೆ ‘ನೈವೇದ್ಯಕ್ಕೆ ಮುಂಚೆ ಹೋಳಿಗೆ ಮುಟ್ಟಿದರೆ ದೇವರು ಕಣ್ಣು ಕೀಳ್ತಾನೆ’ ಎಂದರೆ ದೊಡ್ಡವರಿಗದು ಗದರಿಕೆ, ಮಗುವಿಗೆ ವಾರ್ತೆ. ಮರುದಿನ ಅಜ್ಜನಿಗೆ ಪೊರೆಯ ಆಪರೇಷನ್ ಇದ್ದರೆ, ಹೋಳಿಗೆ ಮುಟ್ಟಿದ ಮಗು ಒಳಗೊಳಗೇ ತಾನೇ ಕಾರಣ ಎಂದುಕೊಂಡೀತು. ‘ಮೊದಲು ದೇವರಿಗೆ, ಆಮೇಲೆ ನಮಗೆ, ಇನ್ನು ಹತ್ತೇ ನಿಮಿಷ’ ಎಂದರೂ ಕೆಲಸ ಆಗುತ್ತದೆ. ಹತ್ತು ನಿಮಿಷ ಅಳು ಕೇಳಬೇಕಾಗುತ್ತದೆ, ಅಷ್ಟೆ.

ಬಾಯಿಬಿಡದೆ ಕಲಿಸುವ ಇನ್ನೊಂದು ಪಾಠ

ನೋಡಿ ಕಲಿಯುವ ಮಗು ಹಬ್ಬವನ್ನಷ್ಟೇ ನೋಡುವುದಿಲ್ಲ. ಯಾರು ಒಳಗೆ ಬಂದರು, ಯಾರು ಕಟ್ಟೆಯ ಮೇಲೇ ಕೂತರು, ಮನೆಗೆಲಸದವರಿಗೆ ಯಾವ ಲೋಟದಲ್ಲಿ ಚಹಾ ಕೊಟ್ಟರು, ಎಲ್ಲವನ್ನೂ ನೋಡುತ್ತದೆ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದು ಮಾಡಿದೆ ಎಂದು ಮಗು ಓದುವುದು ಎಷ್ಟೋ ವರ್ಷಗಳ ನಂತರ. ಲೋಟದ ಪಾಠ ಮೂರನೇ ವರ್ಷಕ್ಕೇ ಆಗಿರುತ್ತದೆ. ಪೆಟ್ಟಿಗೆಯ ತೂತಿನಲ್ಲಿ ಕೋಲಾಡಿಸಿದ ಹಾಗೆಯೇ ಇದನ್ನೂ ಅದು ಕಾರಣ ಕೇಳದೆ ನಕಲು ಮಾಡುತ್ತದೆ.

ಇದಕ್ಕೆ ಎದುರು ಪಾಠವೂ ಮಾತಿಲ್ಲದೆಯೇ ಆಗುತ್ತದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ಕರ್ನಾಟಕದಲ್ಲಿ ಅದಕ್ಕೆ ಸಿಕ್ಕ ಮೊದಲ ಜಾಗ ಟಿ. ನರಸೀಪುರ. ಅಂದಿನಿಂದ ಅಂಗನವಾಡಿಯ ಚಾಪೆಯ ಮೇಲೆ ಎಲ್ಲ ಮನೆಯ ಮಕ್ಕಳೂ ಸಾಲಾಗಿ ಕೂತು ಒಂದೇ ಪಾತ್ರೆಯ ಅನ್ನ ತಿನ್ನುತ್ತಿದ್ದಾರೆ. ಉತ್ತರ ಕರ್ನಾಟಕದ ಹಳ್ಳಿಗಳ ಮೊಹರಂ ಇನ್ನೊಂದು ಉದಾಹರಣೆ. ಬೆಂಕಿ ಹಾಕುವ ಗುಂಡಿಯಾದ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ, ಹರಕೆ ಹೊತ್ತು ಫಕೀರರಾಗುವ ಮಕ್ಕಳಲ್ಲಿ ಹಿಂದೂ ಮನೆಯವರು ಬಹಳ. ಕೆಲವು ಊರಲ್ಲಿ ಮುಸ್ಲಿಂ ಮನೆಯೇ ಇಲ್ಲದಿದ್ದರೂ ಹಬ್ಬ ನಡೆಯುತ್ತದೆ. ಇದು ‘ಅವರ’ ಹಬ್ಬ ಎಂದು ಅಲ್ಲಿ ಬೆಳೆದ ಮಗುವಿಗೆ ಗೊತ್ತಾಗುವುದು ಪಟ್ಟಣ ಸೇರಿದ ಮೇಲೆ.

ಶಾಲೆಯಲ್ಲಿ ಎಲ್ಲಿಯವರೆಗೆ?

ಸಂವಿಧಾನದ 28ನೇ ವಿಧಿಯ ಪ್ರಕಾರ, ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಅಂಥ ಬೋಧನೆಯೋ ಪ್ರಾರ್ಥನೆಯೋ ಇದ್ದರೆ, ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದರಲ್ಲಿ ಕೂರಿಸುವಂತಿಲ್ಲ. ಹಾಗಾದರೆ ಹಬ್ಬದ ಬಗ್ಗೆ ಹೇಳುವುದೂ ತಪ್ಪೇ? ಅಲ್ಲ. ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ ಎಂದು ಸುಪ್ರೀಂ ಕೋರ್ಟ್ 2002ರ ಅರುಣಾ ರಾಯ್ ಪ್ರಕರಣದಲ್ಲಿ ಹೇಳಿದೆ. ‘ಕೈಮುಗಿ’ ಎನ್ನುವುದು ಬೋಧನೆ. ‘ಈ ಮನೆಯವರು ಹೀಗೆ ಕೈಮುಗಿಯುತ್ತಾರೆ’ ಎನ್ನುವುದು ತಿಳಿವಳಿಕೆ.

ಸಂವಿಧಾನದ 51ಎ ವಿಧಿ ಪಟ್ಟಿ ಮಾಡುವ ಮೂಲಭೂತ ಕರ್ತವ್ಯಗಳಲ್ಲಿ ನಮ್ಮ ಬೆರಕೆಯ ಸಂಸ್ಕೃತಿಯ ಪರಂಪರೆಯನ್ನು ಕಾಪಾಡುವುದೂ ಇದೆ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದೂ ಇದೆ. ನಾಗಪ್ಪನೂ ಮಿಸ್ಸೂ ಒಂದೇ ವಿಧಿಯೊಳಗೆ ಕೂತಿದ್ದಾರೆ ಅನ್ನಿ. ಭಾರತ 1992ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿಯೂ ಇದೇ ಜಾಡಿನದು. ನಂಬಿಕೆಯ ವಿಷಯದಲ್ಲಿ ಮಗುವಿಗೆ ದಾರಿ ತೋರುವ ಹಕ್ಕು ತಂದೆತಾಯಿಗಿದೆ, ಆದರೆ ಅದು ಮಗುವಿನ ಬೆಳೆಯುವ ತಿಳಿವಳಿಕೆಗೆ ತಕ್ಕಂತಿರಬೇಕು ಎನ್ನುತ್ತದೆ ಅದು. ಮೈಗೆ ಅಪಾಯ ತರುವ ಆಚರಣೆಗೆ ಈ ಯಾವ ರಕ್ಷಣೆಯೂ ಇಲ್ಲ. ಹರಕೆಯ ಹೆಸರಲ್ಲಿ ಮಕ್ಕಳನ್ನು ಎತ್ತರದಿಂದ ಎಸೆಯುವಂಥವನ್ನು ಕರ್ನಾಟಕದ 2017ರ ಮೌಢ್ಯ ಪ್ರತಿಬಂಧಕ ಕಾಯ್ದೆ ನಿಷೇಧಿಸಿದೆ.

ಹಳ್ಳ ಇಲ್ಲದ ಕಡೆ

ಊರಿನಲ್ಲಿ ಹಬ್ಬವನ್ನು ಇಡೀ ಓಣಿ ಕಲಿಸುತ್ತದೆ. ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲೋ ನ್ಯೂಜೆರ್ಸಿಯಲ್ಲೋ ಆ ಓಣಿಯ ಕೆಲಸವೆಲ್ಲ ಇಬ್ಬರ ತಲೆಗೆ ಬೀಳುತ್ತದೆ. ಅಲ್ಲಿ ಯಾವುದೂ ತಾನಾಗಿ ಕಣ್ಣಿಗೆ ಬೀಳುವುದಿಲ್ಲ, ಎಲ್ಲವನ್ನೂ ಹೇಳಬೇಕು. ಹೇಳಿದ್ದು ಪಾಠವಾಗುತ್ತದೆ, ಪಾಠವಾದದ್ದು ಬೇಸರವಾಗುತ್ತದೆ.

ಇದೇ ಕಷ್ಟ ಬೇರೆ ಬಗೆಯಲ್ಲಿ ನ್ಯೂಜಿಲೆಂಡಿನ ಮಾವೊರಿ ಜನರಿಗೆ ಬಂದಿತ್ತು. ಮನೆಗಳಲ್ಲಿ ಇಂಗ್ಲಿಷ್ ತುಂಬಿ, ಮಾವೊರಿ ಮಾತಾಡುವವರು ಹೆಚ್ಚಾಗಿ ಅಜ್ಜ ಅಜ್ಜಿಯರು ಮಾತ್ರ ಎಂಬಂತಾಗಿತ್ತು. 1982ರಲ್ಲಿ ಅವರು ‘ಕೊಹಾಂಗಾ ರೇಯೊ’, ಅಂದರೆ ಭಾಷೆಯ ಗೂಡು, ಶುರುಮಾಡಿದರು. ಶಾಲೆಗೆ ಸೇರುವ ಮುಂಚಿನ ಮಕ್ಕಳು ಹಿರಿಯರ ಜೊತೆ ಇಡೀ ದಿನ ಇರುವುದು, ಊಟ, ಹಾಡು, ಆಟ, ಗದರಿಕೆ ಎಲ್ಲ ಮಾವೊರಿಯಲ್ಲೇ. ಸಂಸ್ಕೃತಿಯ ಪಾಠ ಅಂತ ಬೇರೆ ಇರಲಿಲ್ಲ, ಅಜ್ಜಿಯರ ಜೊತೆ ಇರುವುದೇ ಪಾಠ. 1996ರಲ್ಲಿ ಆ ದೇಶ ಶಾಲಾಪೂರ್ವ ಮಕ್ಕಳಿಗೆ ತಂದ ಪಠ್ಯಕ್ರಮದ ಹೆಸರೂ ಮಾವೊರಿಯದೇ: ‘ತೆ ಫಾರಿಕಿ’, ನೇಯ್ದ ಚಾಪೆ.

ಅಲ್ಲಿಂದ ಮನೆಗೆ ತರಬಹುದಾದದ್ದು ಇಷ್ಟು. ವರ್ಷಕ್ಕೆ ಹತ್ತು ಹಬ್ಬದ ಬಗ್ಗೆ ಯೂಟ್ಯೂಬ್ ತೋರಿಸುವ ಬದಲು ಒಂದೇ ಹಬ್ಬವನ್ನು ಮಗುವಿನ ಕೈಯಲ್ಲಿ ಮಾಡಿಸಿ, ಅಜ್ಜ ಅಜ್ಜಿ ಹತ್ತಿರವಿದ್ದಾಗ. ಸಂಕ್ರಾಂತಿಗೆ ಕೊಬ್ಬರಿ, ಬೆಲ್ಲ ಹೆಚ್ಚುವ ಕೆಲಸ ದೊಡ್ಡವರದು, ಎಳ್ಳು ಬೆರೆಸಿ ಪೊಟ್ಟಣ ಕಟ್ಟಿ ಮನೆಮನೆಗೆ ಬೀರುವುದು ಮಗುವಿನದು. ಪಕ್ಕದ ಮನೆಯ ತೆಲುಗರು, ಮಲಯಾಳಿಗಳು ‘ಇದೇನು’ ಎಂದು ಕೇಳುತ್ತಾರೆ. ಮಗು ತನ್ನ ಮಾತಿನಲ್ಲಿ ಏನೋ ಹೇಳುತ್ತದೆ. ಆ ‘ಏನೋ’ದಲ್ಲಿ ಅದು ಎಷ್ಟು ಹಿಡಿದಿದೆ ಎಂದು ತಿಳಿಯುತ್ತದೆ.

ನಮ್ಮ ಸೊಸೆಗೆ ತಂಗಿ ಎರಡು ವಾಕ್ಯ ಬರೆದು ಬಾಯಿಪಾಠ ಮಾಡಿಸಿದ್ದಳು: ‘ಇದು ಉತ್ತರ ಕರ್ನಾಟಕದ ಮಣ್ಣೆತ್ತು. ರೈತರು ಎತ್ತುಗಳಿಗೆ ಕೃತಜ್ಞತೆ ಸಲ್ಲಿಸಲು ಈ ಹಬ್ಬ ಆಚರಿಸುತ್ತಾರೆ.’ ‘ಕೃತಜ್ಞತೆ’ಯಲ್ಲಿ ನಾಲಿಗೆ ಎರಡು ಸಲ ತೊಡರಿತು. ಶನಿವಾರ ಸಂಜೆ ಬಂದ ವಿಡಿಯೊದಲ್ಲಿ ಇಳಕಲ್ ಲಂಗದ ಹುಡುಗಿ ಒಂದು ಕೊಂಬು ಮುರಿದ ಎತ್ತನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು. “ಇದಕ್ಕೆ ಕಣ್ಣು ನಾನು ಇಟ್ಟಿದ್ದು, ಜೋಳದ್ದು. ಇದು ರಾತ್ರಿ ಕೊತ್ತಂಬರಿ ತಿನ್ನತ್ತಂತೆ, ನಾನು ನೋಡಿಲ್ಲ.”